ಕೊಳ್ಳಕ್ಕೆ ನೀರು ಬಂದಾಗ ಹೊರಡಿ

ಮಳೆಗಾಲದ ಭಾನುವಾರ ಕಿತ್ತೂರಿನ ಹತ್ತಿರ ಹೆದ್ದಾರಿ ಬದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅರ್ಧ ತಾಸು ನಿಂತರೆ ಸಾಕು, ನಮ್ಮ ಭಾಗದವರ ಪ್ರವಾಸದ ರುಚಿ ಗೊತ್ತಾಗಿಬಿಡುತ್ತದೆ. ಹುಬ್ಬಳ್ಳಿ, ಧಾರವಾಡದಿಂದ ಬಂದ ಕಾರುಗಳು ಬೆಳಗಾವಿ ದಾಟಿ ಅಂಬೋಲಿ ಘಟ್ಟಕ್ಕೆ ಓಡುತ್ತವೆ. ಬೆಳಗಾವಿಯಿಂದ ಬಂದವು ದಾಂಡೇಲಿ, ಯಲ್ಲಾಪುರದ ಕಡೆ ಮುಖ ಮಾಡಿರುತ್ತವೆ. ಪೂರ್ವಕ್ಕೆ, ಬೈಲಹೊಂಗಲದ ದಾರಿಗೆ ಹೊರಳಿದ ಗಾಡಿ ಕಂಡರೆ ಅದು ಯಲ್ಲಮ್ಮನ ಗುಡ್ಡಕ್ಕೆ ಹೊರಟದ್ದು, ಇಲ್ಲವೇ ಬೀಗರ ಊರಿಗೆ. ನೀರು ನೋಡಲು ಎರಿ ಸೀಮೆಗೆ ಯಾರು ಹೋಗುತ್ತಾರೆ?

ಹೋಗಬೇಕು ಎಂಬುದೇ ಈ ಲೇಖನದ ವಾದ. ಆದರೆ ಜೋಗ, ದೂಧಸಾಗರಗಳನ್ನು ಕಣ್ಣಲ್ಲಿ ಇಟ್ಟುಕೊಂಡು ಹೋಗಬಾರದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಲ್ಲಿ ನೀರು ಧುಮ್ಮಿಕ್ಕುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಅಲ್ಲಿರುವುದು ಕಲ್ಲು, ಕೊಳ್ಳ, ಒಂದು ಗುಡಿ, ಅದರ ಪಕ್ಕದ ಹೊಂಡ. ಆ ಕಲ್ಲನ್ನೂ ನೋಡಲು ಬರುವವರಿಗೆ ಈ ಸೀಮೆ ಕೊಡುವಷ್ಟು ಘಟ್ಟವೂ ಕೊಡಲಾರದು.

ನಾಲ್ಕೂ ತಾಲ್ಲೂಕುಗಳನ್ನು ಹೊಲಿದುಕೊಂಡು ಹೋಗುವುದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿದ ಊರಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿದ ಮಳೆ, ರಾಮದುರ್ಗಕ್ಕೆ ಬರುವಷ್ಟರಲ್ಲಿ ಅದು 500–600 ಮಿ.ಮೀ.ಗೆ ಇಳಿದಿರುತ್ತದೆ. ಬಸ್ಸಿನಲ್ಲಿ ಮೂರ್ನಾಲ್ಕು ತಾಸಿನ ದಾರಿಯಲ್ಲಿ ಭತ್ತದ ಗದ್ದೆ, ಕೆಂಪು ಮಣ್ಣು, ಕಬ್ಬು, ಕಪ್ಪು ಎರಿ, ಜೋಳ, ಕಡಲೆ, ಕೊನೆಗೆ ಬರೀ ಜಾಲಿ ಮತ್ತು ಬಂದರಿಕೆಯ ಗುಡ್ಡ, ಇಷ್ಟೂ ಕಿಟಕಿಯ ಆಚೆ ಸರಿದುಹೋಗುತ್ತವೆ. ಕಿತ್ತೂರು ಮಲೆನಾಡಿನ ಸೆರಗು. ರಾಮದುರ್ಗ ಅಪ್ಪಟ ಬಯಲು. ಈ ನಾಲ್ಕರಲ್ಲಿ ಯಾವ ಊರಿಗೂ ರೈಲಿಲ್ಲ. ಬಸ್ಸು, ಟಂಟಂ, ಸ್ವಂತ ಗಾಡಿ, ಉಳಿದದ್ದು ಕಾಲು.

ಕಿತ್ತೂರಿನ ಭಾಗದಲ್ಲಿ ಹೊಳೆ ಇನ್ನೂ ಎಳೆಯದು. ಹೆದ್ದಾರಿಯ ಎಂ.ಕೆ. ಹುಬ್ಬಳ್ಳಿಯಲ್ಲಿ, ನದಿಯ ಪಾತ್ರದೊಳಗೇ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಸುತ್ತ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಹೊಳೆ ತುಂಬಿದಾಗ ನಾಲ್ಕೂ ಕಡೆ ನೀರು, ನಡುವೆ ಒಣ ನೆಲದಲ್ಲಿ ನಾವು. ಅಲ್ಲಿಂದ ಮುಂದೆ ಅದೇ ದಂಡೆಯಲ್ಲಿ ರಾಯಣ್ಣನ ಸಂಗೊಳ್ಳಿ. ಕಿತ್ತೂರಿಗೆ ಹೊಂದಿದ ದೇಗಾವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ 12ನೆಯ ಶತಮಾನದ ಕಮಲನಾರಾಯಣ ಗುಡಿ. ಇವನ್ನೆಲ್ಲ ನೋಡಿಯೇ ಮುಂದೆ ಹೋಗಬೇಕು, ಆದರೆ ಈ ಭಾಗದಲ್ಲಿ ನೆಲ ಸೌಮ್ಯ, ದಿನ್ನೆಗಳು ದುಂಡಗೆ. ಹೊಳೆಗೆ ಎದುರಾಳಿ ಇನ್ನೂ ಸಿಕ್ಕಿಲ್ಲ. ಅದು ಸಿಗುವುದು ಬೈಲಹೊಂಗಲ ದಾಟಿದ ಮೇಲೆ.

ಬೈಲಹೊಂಗಲವೆಂದರೆ ಹೆಚ್ಚಿನವರಿಗೆ ನೆನಪಾಗುವುದು 1829ರ ಫೆಬ್ರುವರಿಯಲ್ಲಿ ಸೆರೆಯಲ್ಲೇ ತೀರಿಕೊಂಡ ರಾಣಿ ಚನ್ನಮ್ಮನ ಸಮಾಧಿ. ಸಮಾಧಿಗೆ ಕೈಮುಗಿದು ಸವದತ್ತಿಯ ದಿಕ್ಕಿಗೆ ಹೊರಟರೆ, ಎರಡೂ ಬದಿ ಸಪಾಟಾದ ಹೊಲದ ನಡುವೆ ದೂರದಲ್ಲಿ ಒಂದು ಗುಡ್ಡದ ಸಾಲು ಏಳುತ್ತದೆ. ಎತ್ತರ ಹೆಚ್ಚಿಲ್ಲ. ತಲೆ ಮಟ್ಟಸ, ಅಂಚು ಮಾತ್ರ ಕಡಿದಂತೆ ನೇರ. ಆ ಸಾಲಿನ ಒಂದು ಮಡಿಲಲ್ಲಿ ಸೊಗಲವಿದೆ.

ಸೊಗಲದ ಸೋಮೇಶ್ವರ ಗುಡಿ ಕೊಳ್ಳದ ಒಳಗೆ ಕುಳಿತಿದೆ. ಹತ್ತಿರ ಹೋಗುವವರೆಗೆ ಕಾಣುವುದಿಲ್ಲ, ಮೊದಲು ಕೇಳಿಸುತ್ತದೆ. ಕಲ್ಯಾಣ ಚಾಲುಕ್ಯ ಎರಡನೆಯ ತೈಲಪನ ಕಾಲದ, ಶಕ 902ರ, ಅಂದರೆ ಕ್ರಿ.ಶ. 980ರ ಶಾಸನ ಇಲ್ಲಿ ಸಿಕ್ಕಿದೆ. ಆಗ ಕೂಂಡಿ ಮೂರು ಸಾವಿರ ನಾಡು ರಟ್ಟರ ಮೊದಲನೆಯ ಕಾರ್ತವೀರ್ಯನ ಕೈಯಲ್ಲಿತ್ತು. ಸಾವಿರ ವರ್ಷಕ್ಕೂ ಹಿಂದೆಯೇ ಜನ ಈ ನೀರನ್ನು ಹುಡುಕಿಕೊಂಡು ಬಂದು, ಗುಡಿ ಕಟ್ಟಿ, ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ ಎಂದಾಯಿತು. ಗುಡಿಯಲ್ಲಿ ಗಿರಿಜಾ ಕಲ್ಯಾಣದ ಶಿಲ್ಪವಿದೆ. ಶ್ರಾವಣ ಸೋಮವಾರ ಜನ ನೆರೆಯುತ್ತಾರೆ. ನಮ್ಮ ಕಡೆ ಯಾವ ಕೊಳ್ಳಕ್ಕೆ ಹೋದರೂ ಇದೇ ಏರ್ಪಾಡು: ಸೆಲೆಯ ಪಕ್ಕ ಹೊಂಡ, ಹೊಂಡದ ಪಕ್ಕ ಲಿಂಗ ಇಲ್ಲವೇ ಅವ್ವ. ಬಯಲು ಸೀಮೆಯಲ್ಲಿ ಬೇಸಗೆಯಲ್ಲೂ ನೀರು ಜಿನುಗುವ ಜಾಗವೆಂದರೆ ದೇವರಿರಲೇಬೇಕಾದ ಜಾಗ.

ಗುಡಿಗೆ ಬಂದವರಲ್ಲಿ ಹೆಚ್ಚಿನವರು ನೀರಿಗೆ ತಲೆ ಒಡ್ಡಿ, ಫೋಟೊ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಉಂಡ ಮೇಲೆ ಒಂದು ತಾಸು ಇಟ್ಟುಕೊಂಡು, ನೀರು ಬೀಳುವ ಅಂಚಿನ ಮೇಲಿನ ಗುಡ್ಡಕ್ಕೆ ಹತ್ತುವುದು ಒಳ್ಳೆಯದು. ದನಗಾಹಿಗಳ ಕಾಲುದಾರಿ ಇದೆ. ಬಂದರಿಕೆ, ಕವಳಿ, ಬಾರಿ ಕಂಟಿಗಳ ನಡುವೆ ಹೋಗುತ್ತ ಕಾಲಡಿಯ ಬಂಡೆಯನ್ನು ಗಮನಿಸಿ. ಕಂದು, ತೆಳು ಗುಲಾಬಿ, ಕೆಲವೆಡೆ ಬಿಳಿ. ಮಳೆಯಲ್ಲಿ ತೊಳೆದ ಹಾಸುಗಲ್ಲಿನ ಮೇಲೆ ಒಂದರ ಪಕ್ಕ ಒಂದರಂತೆ ಸಣ್ಣ ಏಣುಗಳು ಸಾಲಾಗಿ ಕಂಡರೆ ಕುಳಿತು ಅಂಗೈ ಇಟ್ಟು ನೋಡಿ. ಒಂದು ಏಣಿನಿಂದ ಇನ್ನೊಂದಕ್ಕೆ ಎರಡು ಬೆರಳಿನ ಅಂತರ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದು. ಅಂಚು ಇನ್ನೂ ಸವೆದಿಲ್ಲ. ಅದು ಯಾರೂ ಕೆತ್ತಿದ್ದಲ್ಲ. ಆಳವಿಲ್ಲದ ನೀರಿನ ತಳದಲ್ಲಿ ಹರಿವು ಎಬ್ಬಿಸಿದ ಅಲೆಯಂಥ ಮರಳ ಗೆರೆಗಳು, ಮರಳು ಕಲ್ಲಾಗಿ ಹೋದಾಗ ಹಾಗೆಯೇ ಉಳಿದವು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು; ಮರ, ಹುಲ್ಲು, ಮೀನು ಯಾವುದೂ ಭೂಮಿಯ ಮೇಲೆ ಇರದಿದ್ದ ಕಾಲ. ಇಂದು ಬೇಸಗೆಯಲ್ಲಿ ಟ್ಯಾಂಕರ್ ಕಾಯುವ ಈ ಸೀಮೆ ಅಂದು ಸಮುದ್ರದ ದಂಡೆ.

ಈ ಕಲ್ಲಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಮರಾಠಾ ಸೀಮೆಯ ಶಿಲೆಗಳ ಬಗ್ಗೆ ದೊಡ್ಡ ವರದಿ ಪ್ರಕಟಿಸಿದರು. ಭಾರತದ ಮೊದಲ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದವರೂ ಅವರೇ. ಬೆಳಗಾವಿಯ ಪೂರ್ವ ಭಾಗದಿಂದ ಬಾಗಲಕೋಟೆಯವರೆಗೆ ಹಬ್ಬಿದ ಈ ಶಿಲಾಸಮೂಹಕ್ಕೆ ‘ಕಲಾದಗಿ’ ಎಂಬ ಹೆಸರು ಫೂಟ್ ಅವರ ವರದಿಯಿಂದಲೇ ನೆಲೆಗೊಂಡಿತು. ಆಮೇಲಿನವರು ಅದರೊಳಗಿನ ಪದರಗಳನ್ನು ಬಿಡಿಸುತ್ತ ಹೋಗಿ ಪದರಕ್ಕೊಂದು ಊರ ಹೆಸರಿಟ್ಟರು. ಹಾಗಾಗಿ ಭೂವಿಜ್ಞಾನದ ಪುಸ್ತಕಗಳಲ್ಲಿ ‘ಸವದತ್ತಿ ಕ್ವಾರ್ಟ್‌ಜೈಟ್’ ಇದೆ, ‘ರಾಮದುರ್ಗ ಫಾರ್ಮೇಶನ್’ ಇದೆ, ‘ಯರಗಟ್ಟಿ ಫಾರ್ಮೇಶನ್’ ಇದೆ, ಮುನವಳ್ಳಿಯ ಹೆಸರಿನ ಜೇಡಿಗಲ್ಲೂ ಇದೆ. ಜಗತ್ತಿನ ಯಾವುದೋ ವಿಶ್ವವಿದ್ಯಾಲಯದಲ್ಲಿ ಕುಳಿತು ಪ್ರಾಚೀನ ಜಲಾನಯನಗಳನ್ನು ಓದುವ ವಿದ್ಯಾರ್ಥಿಗೆ ಸವದತ್ತಿ ಗೊತ್ತಿರುತ್ತದೆ, ಆದರೆ ಯಲ್ಲಮ್ಮ ಗೊತ್ತಿರುವುದಿಲ್ಲ. ನಮ್ಮಲ್ಲಿ ಅದಕ್ಕೆ ತಿರುಗಾಮುರುಗಾ. ಸವದತ್ತಿಯ ಶಾಲೆ ಮಕ್ಕಳಿಗೆ ತಮ್ಮೂರ ಗುಡ್ಡಕ್ಕೆ ಹೀಗೊಂದು ಹೆಸರಿದೆಯೆಂದು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಕ್ವಾರ್ಟ್‌ಜೈಟ್ ಎಂದರೆ ಮರಳುಗಲ್ಲು ಒತ್ತಡಕ್ಕೆ ಸಿಕ್ಕು ಬಿಗಿದು ಬಿಗಿದು ಗಾಜಿನಷ್ಟು ಗಟ್ಟಿಯಾದದ್ದು. ಅದರ ಆಚೀಚೆ ಇರುವ ಜೇಡಿಗಲ್ಲು ಮೆತ್ತಗೆ. ಮಳೆ, ಗಾಳಿ, ಹಳ್ಳಗಳು ಮೆತ್ತಗಿನದನ್ನು ಕೊರೆದು ಬಯಲು ಮಾಡಿದವು; ಗಟ್ಟಿ ಕಲ್ಲು ಸಾಲುಗುಡ್ಡವಾಗಿ ಉಳಿಯಿತು. ಈ ಗಟ್ಟಿ ಕಲ್ಲಿಗೆ ಎದುರಾದ ನೀರು ಎರಡರಲ್ಲಿ ಒಂದು ಮಾಡಬೇಕು: ಹಾರಬೇಕು, ಇಲ್ಲವೇ ಕೊರೆಯಬೇಕು. ಉತ್ತರಕ್ಕೆ ಘಟಪ್ರಭೆ ಇದೇ ಬಳಗದ ಕಲ್ಲಿನ ಅಂಚಿನಿಂದ ಗೋಕಾಕದಲ್ಲಿ 52 ಮೀಟರ್ ಕೆಳಗೆ ಹಾರುತ್ತದೆ. ಅದರ ಉಪನದಿ ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಇಳಿಯುತ್ತದೆ. ಮಲಪ್ರಭೆ ಮಾತ್ರ ಹಾರಲಿಲ್ಲ. ಕೊರೆಯಿತು.

ಸೊಗಲದಂಥ ದಿಡಗು, ಅಂದರೆ ಜಲಪಾತ, ಮಲಪ್ರಭೆಯ ಮುಖ್ಯ ಹರಿವಿನಲ್ಲಿ ಯಾಕಿಲ್ಲ, ಸಣ್ಣ ಹಳ್ಳಗಳಲ್ಲೇ ಯಾಕಿವೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಘಟ್ಟದ ನೀರನ್ನೆಲ್ಲ ಹೊತ್ತು ತರುವ ದೊಡ್ಡ ಹೊಳೆಗೆ ಗುಡ್ಡವನ್ನು ತಳದವರೆಗೆ ಸೀಳುವ ಶಕ್ತಿ ಇತ್ತು. ಗುಡ್ಡದ ತಲೆಯ ಮೇಲಿನ ಸಣ್ಣ ಹಳ್ಳಕ್ಕೆ ವರ್ಷದಲ್ಲಿ ಕೆಲವು ದಿನ ಮಾತ್ರ ಕೆಲಸ. ಅಷ್ಟರಲ್ಲಿ ಗಟ್ಟಿ ಕಲ್ಲಿನ ಅಂಚು ಸವೆಯುವುದೆಲ್ಲಿ ಬಂತು? ಹೊಳೆ ಕೆಳಗಿಳಿಯಿತು, ಹಳ್ಳ ಮೇಲೆಯೇ ಉಳಿಯಿತು, ನಡುವೆ ಧುಮುಕಬೇಕಾಯಿತು. ನೀರು ಬಡವಾಗಿರುವುದರಿಂದಲೇ ನಮ್ಮ ಕೊಳ್ಳಗಳಲ್ಲಿ ಜಲಪಾತಗಳಿವೆ. ಘಟ್ಟದವರು ನಗಬಹುದು, ನಗಲಿ.

ಮಲಪ್ರಭೆ ಕೊರೆದ ಆ ಜಾಗವೇ ನವಿಲುತೀರ್ಥ. ಸವದತ್ತಿಯಿಂದ ಮುನವಳ್ಳಿಗೆ ಹೋಗುವ ದಾರಿಯಲ್ಲಿ ಗುಡ್ಡದ ಸಾಲು ಥಟ್ಟನೆ ತುಂಡಾಗುತ್ತದೆ. ಎಡಕ್ಕೂ ಬಲಕ್ಕೂ ಅದೇ ಎತ್ತರ, ಅದೇ ಪದರ, ಅದೇ ಬಣ್ಣ. ನಡುವೆ ಮಾತ್ರ ಖಾಲಿ. ಹೊಳೆಗೆ ಗುಡ್ಡ ಅಡ್ಡ ಬಂದಿತೆಂದೂ, ಮೇಲಿನಿಂದ ನವಿಲು ಕೂಗಿದಾಗ ಗುಡ್ಡ ಬಿರಿದು ದಾರಿ ಬಿಟ್ಟಿತೆಂದೂ ಒಂದು ಕತೆ ಹಿಂದಿನಿಂದ ಬಂದಿದೆ. ನವಿಲುಗಳು ಈಗಲೂ ಇವೆ. ಬೆಳಗ್ಗೆ ಬೇಗ ಹೋದರೆ ಕೂಗು ಗುಡ್ಡದಿಂದ ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತದೆ. ನದಿಯೊಂದು ಗುಡ್ಡ ಬಳಸಿ ಹೋಗದೆ ಅದರ ಎದೆ ಸೀಳಿ ಹೋಗಿರುವುದಕ್ಕೆ ಭೂವಿಜ್ಞಾನ ಕೊಡುವ ವಿವರಣೆಯೂ ಸೊಗಸಾಗಿಯೇ ಇದೆ. ಇಂಥ ಕಡೆ ಸಾಮಾನ್ಯವಾಗಿ ಹೊಳೆಯೇ ಹಿರಿಯದು, ಗುಡ್ಡ ಕಿರಿಯದು. ನೆಲವೆಲ್ಲ ಎತ್ತರದಲ್ಲಿದ್ದಾಗ ಹೊಳೆ ಅದರ ಮೇಲೆ ಹರಿಯುತ್ತಿರುತ್ತದೆ. ಸುತ್ತಲಿನ ಮೆತ್ತನೆಯ ಶಿಲೆ ಸವೆದು ಗುಡ್ಡ ಮೇಲೆದ್ದು ಕಾಣತೊಡಗುವ ಹೊತ್ತಿಗೆ ಹೊಳೆ ಆಗಲೇ ತನ್ನ ದಾರಿಯನ್ನು ಕೊರೆದುಕೊಂಡಿರುತ್ತದೆ. ಗುಡ್ಡ ಬಂದು ಅಡ್ಡ ನಿಂತದ್ದಲ್ಲ, ಹೊಳೆ ಅದರ ಮೈಯನ್ನು ಹೊರಗೆ ತೆಗೆದದ್ದು.

ಇಷ್ಟು ಇಕ್ಕಟ್ಟಾದ ಬಾಯಿ ಕಂಡ ಮೇಲೆ ಎಂಜಿನಿಯರುಗಳು ಸುಮ್ಮನಿರುತ್ತಾರೆಯೇ? 1970ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಅಣೆಕಟ್ಟೆ ಎದ್ದು ನಿಂತಿತು. ಅದರ ಹಿಂದಿನ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ಹಿಡಿಯುತ್ತದೆ. ಪೂರ್ಣ ಮಟ್ಟ 2079.50 ಅಡಿ. ಎಡದಂಡೆ, ಬಲದಂಡೆ ಕಾಲುವೆಗಳು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಹೋಗುತ್ತವೆ. ಹುಬ್ಬಳ್ಳಿ–ಧಾರವಾಡದ ಹೆಚ್ಚಿನ ನಲ್ಲಿಗಳಿಗೂ ನೀರು ಇಲ್ಲಿಂದಲೇ. ಕಾರಿನಲ್ಲಿ ಅಂಬೋಲಿಗೆ ಓಡುವ ಹುಬ್ಬಳ್ಳಿಯವರು ಬೆಳಗ್ಗೆ ಹಲ್ಲುಜ್ಜಿದ್ದು ನವಿಲುತೀರ್ಥದ ನೀರಿನಲ್ಲಿ.

ಹಾಗಾಗಿ ಇದನ್ನು ಬರೀ ಚಂದದ ಜಾಗವೆಂದು ನೋಡಿ ಬರಲು ನನಗೆ ಮನಸ್ಸೊಪ್ಪುವುದಿಲ್ಲ. ಇದೇ ಕಾಲುವೆಗಳ ಅಚ್ಚುಕಟ್ಟಿನಲ್ಲಿ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಚಳವಳಿ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಿಗೆ ಹೋಗಿ ಮುಟ್ಟಿತು. ಕರ್ನಾಟಕದ ರೈತ ಚಳವಳಿಗೆ ತಿರುವು ಕೊಟ್ಟ ದಿನ ಅದು. ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲ. ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂಬ ಬೇಡಿಕೆ ಹುಟ್ಟಿದ್ದೇ ಅದರಿಂದ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9. ಆ ಹನಿಗಳಿಗಾಗಿ ಈ ಕಡೆಯವರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಘಟ್ಟದ ಕಾಡಿಗೆ ಆಗುವ ಹಾನಿಯ ಮಾತೂ ಸುಳ್ಳಲ್ಲ, ಬಯಲಿನ ಬಾಯಾರಿಕೆಯೂ ಸುಳ್ಳಲ್ಲ. ಜಲಾಶಯದ ಅಂಚಿನಲ್ಲಿ ನಿಂತು, ಕಲ್ಲಿನ ಮೇಲೆ ಹಳೆಯ ನೀರಿನ ಮಟ್ಟಗಳು ಬಿಟ್ಟ ಬಿಳಿ ಗೆರೆಗಳನ್ನು ನೋಡುತ್ತಿದ್ದರೆ ಈ ಜಗಳ ಯಾಕೆ ಮುಗಿಯುವುದಿಲ್ಲವೆಂದು ತಿಳಿಯುತ್ತದೆ.

ಅಣೆಕಟ್ಟೆಯ ಬಳಿ ಕಾವಲಿನವರು ಬಿಟ್ಟಷ್ಟೇ ದೂರ ಹೋಗಿ. ಗೇಟು ತೆರೆದ ಸುದ್ದಿ ಇದ್ದಾಗ ಕೆಳಗಿನ ಪಾತ್ರಕ್ಕೆ ಇಳಿಯಬೇಡಿ. ಕಣಿವೆಯ ಚೆಲುವು ಕಾಣುವುದು ಮೇಲಿನಿಂದ, ಗುಡ್ಡದ ಹೆಗಲ ಮೇಲೆ ನಿಂತಾಗ. ಒಂದು ಕಡೆ ಸಮುದ್ರದಂತೆ ಹರವಿದ ನೀರು, ಇನ್ನೊಂದು ಕಡೆ ಮುನವಳ್ಳಿಯ ಹಸಿರು ಬಯಲು, ನಡುವೆ ಈ ಸೀಳು.

ಸವದತ್ತಿಗೆ ಬಂದ ಮೇಲೆ ನಡೆಯುವವರು ಕಲಿಯಬೇಕಾದ್ದು ಜಾತ್ರೆಯ ಜನರಿಂದ. ಚಾರಣ ಎಂಬ ಹೆಸರಿಟ್ಟುಕೊಂಡು, ಹಣ ಕಟ್ಟಿ, ಬೂಟು ಕೊಂಡು ನಾವು ಮಾಡುವುದನ್ನು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಮಂದಿ ತಲೆಮಾರುಗಳಿಂದ ಬರಿಗಾಲಲ್ಲಿ ಮಾಡುತ್ತ ಬಂದಿದ್ದಾರೆ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಬಳಿದು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುವ ದಾರಿ ನಮ್ಮ ನಾಡಿನ ಬಹು ಹಳೆಯ ಕಾಲುದಾರಿಗಳಲ್ಲಿ ಒಂದು. ಊರಿಂದ ಗುಡಿಗೆ ಸುಮಾರು 5 ಕಿ.ಮೀ. ಟಾರು ರಸ್ತೆ ಬಿಟ್ಟು ಗುಡ್ಡದ ಬದಿಯ ಹಳೆ ದಾರಿ ಹಿಡಿದರೆ ಕಾಲಡಿಯಲ್ಲಿ ಮತ್ತೆ ಅದೇ ಸವದತ್ತಿ ಕಲ್ಲು, ಸಾವಿರಾರು ಪಾದಗಳು ಉಜ್ಜಿ ನುಣುಪಾದದ್ದು. ಗುಡಿಯ ಆವರಣದ ಎಣ್ಣೆಹೊಂಡಕ್ಕೂ ನೀರು ಈ ಗುಡ್ಡದ ಸೆಲೆಯಿಂದಲೇ ಬರುತ್ತದೆ.

ಯಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯ ಕತೆ ಎಲ್ಲರಿಗೂ ಗೊತ್ತು. ದಿನಾ ಬೆಳಗ್ಗೆ ಮಲಪ್ರಭೆಯ ದಂಡೆಗೆ ಬಂದು, ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ತಲೆಯ ಮೇಲೆ ನೀರು ಹೊತ್ತು ಗಂಡನ ಪೂಜೆಗೆ ಒಯ್ಯುತ್ತಿದ್ದಳು. ಒಂದು ದಿನ ಮನಸ್ಸು ಅಲುಗಿತು, ಕೊಡ ನಿಲ್ಲಲಿಲ್ಲ. ಪಾತಿವ್ರತ್ಯದ ಪಾಠವಾಗಿ ಇದನ್ನು ಕೇಳಿಕೊಂಡು ಬಂದಿದ್ದೇವೆ. ಈ ಗುಡ್ಡ ಹತ್ತಿಳಿದ ಮೇಲೆ ನನಗೆ ಅದರಲ್ಲಿ ಬೇರೆಯೇ ಒಂದು ಕಾಣುತ್ತದೆ: ಎತ್ತರದ ಮೇಲಿನ ಮನೆಗೆ ಕೆಳಗಿನ ಹೊಳೆಯಿಂದ ನಿತ್ಯ ನೀರು ಹೊತ್ತ ಹೆಂಗಸಿನ ದುಡಿತ. ನಲ್ಲಿ ಬರುವವರೆಗೆ ಈ ಸೀಮೆಯ ಪ್ರತಿಯೊಬ್ಬ ಅವ್ವನ ಬೆಳಗೂ ಅದೇ ಆಗಿತ್ತು.

ಗುಡ್ಡದ ಸುತ್ತ ನೋಡಲು ಬೇಕಾದಷ್ಟಿದೆ. ಪರಸಗಡದ ಕೋಟೆ ಕಡಿದಾದ ಅಂಚಿನ ಮೇಲಿದೆ. ಈ ತಾಲ್ಲೂಕನ್ನು ಬಹುಕಾಲ ಕರೆಯುತ್ತಿದ್ದದ್ದು ಅದರ ಹೆಸರಿನಿಂದಲೇ. ಊರೊಳಗಿನ ಕೋಟೆ 18ನೆಯ ಶತಮಾನದ ಶಿರಸಂಗಿ ದೇಸಾಯರದು. ಹೂಲಿಯಲ್ಲಿ ಗುಡ್ಡಕ್ಕೆ ಬೆನ್ನು ಕೊಟ್ಟು ಪಂಚಲಿಂಗೇಶ್ವರ ಮತ್ತು ಇನ್ನೂ ಅನೇಕ ಪಾಳು ಗುಡಿಗಳು. ಇವಕ್ಕೆ ಒಂದೊಂದು ಲೇಖನ ಬೇಕು.

ಮುನವಳ್ಳಿ ದಾಟಿದ ಹೊಳೆ ಪೂರ್ವಕ್ಕೆ ಹೊರಳಿ ರಾಮದುರ್ಗದ ಸೀಮೆಗೆ ಬರುತ್ತದೆ. ದಂಡೆಯ ಮೇಲೆ ತೊರಗಲ್ಲ. ಹಳೆಯ ಕೋಟೆ, ಭೂತನಾಥನ ಗುಡಿ. ಎಲ್ಲೆಲ್ಲೂ ಸಾಲುಗುಡ್ಡ, ನಡುವೆ ಅಗಲವಾದ ಕಣಿವೆ. ರಾಮದುರ್ಗ ಭಾವೆ ಮನೆತನದ ಪುಟ್ಟ ಸಂಸ್ಥಾನದ ರಾಜಧಾನಿಯಾಗಿತ್ತು. ಈಗ ಊರಿಗೆ ಹೆಸರು ನೇಕಾರಿಕೆಯಿಂದ. ಇಲ್ಲಿ ಹೊಳೆಯನ್ನು ನಂಬಿ ಮೋಸ ಹೋಗಬಾರದು. ಎಂಟು ತಿಂಗಳು ಮಕ್ಕಳು ದಾಟಿ ಆಡುವಷ್ಟು ತೆಳ್ಳಗಿರುವ ಇದೇ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ಊರಿಗೆ ನುಗ್ಗಿ ಮನೆ, ಮಗ್ಗ, ಅಂಗಡಿಗಳನ್ನು ಮುಳುಗಿಸಿತು. ಮೇಲೆ ಘಟ್ಟದಲ್ಲಿ ಸುರಿದ ಮಳೆಯ ಲೆಕ್ಕ ಕೆಳಗೆ ಬಿಸಿಲಲ್ಲಿ ನಿಂತವನಿಗೆ ತಿಳಿಯುವುದಿಲ್ಲ.

ರಾಮದುರ್ಗ ತಾಲ್ಲೂಕಿನಲ್ಲಿ ನಾನು ಹೇಳಬೇಕೆಂದಿರುವ ಜಾಗ ಸುರೇಬಾನದ ಹತ್ತಿರದ ಶಬರಿಕೊಳ್ಳ. ಸುರೇಬಾನ ನೇಕಾರರ ಊರು. ಅಲ್ಲಿಂದ ಗುಡ್ಡದ ಕಡೆ ನಡೆದರೆ ಬೋಳು ಹೊಲ ಮುಗಿದು ಎರಡು ಗುಡ್ಡಗಳ ನಡುವೆ ಇದ್ದಕ್ಕಿದ್ದಂತೆ ನೆರಳು, ತಂಪು. ಒಳಗೆ ಶಬರಿಯ ಸಣ್ಣ ಕಲ್ಲಿನ ಗುಡಿ, ಹೊಂಡ, ಬಂಡೆಯ ಸಂದಿಯಿಂದ ಜಿನುಗುವ ನೀರು. ರಾಮನಿಗಾಗಿ ಬಾರಿಹಣ್ಣು ಕಚ್ಚಿ ನೋಡಿ ಸಿಹಿಯಾದದ್ದನ್ನೇ ಎತ್ತಿಟ್ಟ ಮುದುಕಿ ಕಾದದ್ದು ಇಲ್ಲಿಯೇ ಎಂದು ಈ ಕಡೆಯವರ ನಂಬಿಕೆ. ರಾಮಾಯಣದ ಶಬರಿಯನ್ನು ಹಂಪಿಯ ಪಂಪಾಸರೋವರದವರೂ ಬಿಟ್ಟುಕೊಡುವುದಿಲ್ಲ. ಆ ವ್ಯಾಜ್ಯಕ್ಕೆ ನಾವು ಹೋಗುವುದು ಬೇಡ. ಬಾರಿಗಿಡಗಳಂತೂ ಇಲ್ಲಿ ಸಾಕಷ್ಟಿವೆ. ಈ ಸೀಮೆಯ ಕಾಡುಹಣ್ಣಿನ ಹುಚ್ಚು ನೋಡಬೇಕೆಂದರೆ ಇದೇ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ಹೋಗಬೇಕು; ಬಾರಿ, ಬಳೂಲ ಹಣ್ಣುಗಳ ರಾಶಿ ಅಲ್ಲಿ ಬೀಳುತ್ತದೆ.

ಶಬರಿಕೊಳ್ಳದ ಮೇಲಿನ ದಿಡಗಿಗೆ ನೀರು ಬರುವುದು ಗುಡ್ಡದ ಮೇಲೆ ಜೋರು ಮಳೆಯಾದಾಗ ಮಾತ್ರ. ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರನ್ನು ಕೇಳಿದ್ದೆ:

“ಅಜ್ಜಾರ, ಮ್ಯಾಲ ನೀರ ಬಿದ್ದಾವೇನ್ರಿ?”

“ನಿನ್ನಿ ಹೊತ್ತ ಮುಣಗಿದ ಮ್ಯಾಲ ಹೊಡದೈತಿ ತಮ್ಮಾ ಮಳಿ. ಇವತ್ತ ಹೋಗು, ಐತಿ. ನಾಳಿಗೆ ಹೋದ್ರ ಕಲ್ಲ ನೋಡಿ ಬರ್ತಿ.” ಸ್ವಲ್ಪ ತಡೆದು ಮತ್ತೆ ಹೇಳಿದರು: “ನೀರಾಗ ಇಳದಾಗ ಬಣ್ಣದ ಮ್ಯಾಲ ಕಣ್ಣಿಡು. ತಿಳಿ ನೀರು ಒಮ್ಮೆಲೆ ಕೆಂಪಾತಂದ್ರ ಚೀಲಾ ಗೀಲಾ ನೋಡಬ್ಯಾಡ, ಮ್ಯಾಲ ಏರು.”

ಜಲಪಾತಕ್ಕೆ ಹೋಗುವವರಿಗೆ ಇಲಾಖೆಗಳು ಹಾಕಿಸುವ ಎಷ್ಟೋ ಫಲಕಗಳಿಗಿಂತ ಈ ಮಾತು ಉಪಯೋಗದ್ದು. ಗಟ್ಟಿ ಕಲ್ಲಿನ ಗುಡ್ಡ ನೀರು ಹೀರುವುದಿಲ್ಲ. ಮೇಲೆ ಬಿದ್ದ ಮಳೆ ಅರ್ಧ ತಾಸಿನಲ್ಲಿ ಕೊಳ್ಳಕ್ಕೆ ಇಳಿಯುತ್ತದೆ. ಕೊಳ್ಳದ ತಳದಲ್ಲಿ ನಿಂತವರಿಗೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಗುಡ್ಡದ ಆಚೆ ಮೋಡ ಕಪ್ಪಾದದ್ದು ಗೊತ್ತಾಗುವುದೇ ಇಲ್ಲ. ಪಾಚಿ ಹಿಡಿದ ಹಾಸುಗಲ್ಲು ಬೇರೆ. ಪ್ರತಿ ಮಳೆಗಾಲ ಜಲಪಾತದ ಅಂಚಿನಲ್ಲಿ ಸೆಲ್ಫಿಗೆ ಹೋಗಿ ಜೀವ ಕಳೆದುಕೊಂಡವರ ಸುದ್ದಿ ಓದುತ್ತೇವೆ. ಅಂಚು ಹತ್ತು ಅಡಿಯದೇ ಇರಲಿ, ನೂರು ಅಡಿಯದೇ ಇರಲಿ, ಜಾರುವ ರೀತಿ ಒಂದೇ.

ಕಾಲದ ಲೆಕ್ಕವೂ ಘಟ್ಟದಂತಲ್ಲ. ಜೂನ್, ಜುಲೈನಲ್ಲಿ ಘಟ್ಟಕ್ಕೆ ಹುಚ್ಚು ಮಳೆ ಹಿಡಿದಾಗ ಇಲ್ಲಿ ಬರೀ ಗಾಳಿ, ತುಂತುರು. ಹೊಳೆ ಮಾತ್ರ ಘಟ್ಟದ ನೀರಿನಿಂದ ತುಂಬಿಕೊಂಡಿರುತ್ತದೆ, ಕೊಳ್ಳಗಳು ಒಣಗಿರುತ್ತವೆ. ನಮ್ಮ ಗುಡ್ಡಗಳಿಗೆ ಮಳೆ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿಯಲ್ಲಿ. ಸಂಜೆ ಗುಡುಗಿ, ರಾತ್ರಿ ಸುರಿದು, ಬೆಳಗ್ಗೆ ಬಿಸಿಲು. ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಎಂದಿಟ್ಟುಕೊಳ್ಳಿ. ಆಗ ಗುಡ್ಡದ ಹುಲ್ಲು ಮೊಣಕಾಲೆತ್ತರ, ಹೊಲದಲ್ಲಿ ಸಜ್ಜೆ, ಶೇಂಗಾ. ಜಿಗಣೆ ಇಲ್ಲ. ಕಾಡಿನೊಳಗಿನ ಚಾರಣಕ್ಕೆ ಬೇಕಾಗುವ ಮುಂಗಡ ಚೀಟಿಯ ತಾಪತ್ರಯವೂ ಹೆಚ್ಚಿನ ಕಡೆ ಇಲ್ಲ. ಗುಡಿಗಳಿಗೆ ಹೋಗುವ ದಾರಿಗಳು ಇವು.

ಹಾಗೆಂದು ಯಾರೂ ಕೇಳುವವರಿಲ್ಲ ಎಂದುಕೊಳ್ಳುವುದೂ ತಪ್ಪು. ಹಿಂದೊಮ್ಮೆ ಒಂದು ಕೊಳ್ಳಕ್ಕೆ ಹೋದಾಗ ಹೊಂಡದ ಮೂಲೆಯಲ್ಲಿ ಶಾಂಪೂ ಚೀಟಿ, ಗುಟ್ಕಾ ಚೀಟಿ, ಥರ್ಮಾಕೋಲ್ ತಟ್ಟೆ ತೇಲುತ್ತಿದ್ದವು. ಅವುಗಳ ನಡುವೆಯೇ ಒಬ್ಬ ಅಜ್ಜಿ ಕೈಯಿಂದ ಸರಿಸಿ ಸರಿಸಿ ತಂಬಿಗೆ ತುಂಬಿಕೊಳ್ಳುತ್ತಿದ್ದರು, ದೇವರಿಗೆ. ಎದೆ ಚುರುಕ್ ಎಂದಿತು. ಪ್ರವಾಸೋದ್ಯಮ ಬೆಳೆಸಬೇಕೆಂಬ ಮಾತು ಬಂದ ಕೂಡಲೇ ನಮ್ಮಲ್ಲಿ ಮೊದಲು ಬರುವುದು ಕಾಂಕ್ರೀಟು: ಮೆಟ್ಟಿಲು, ಕಮಾನು, ಬಣ್ಣ ಬಳಿದ ಸಿಮೆಂಟಿನ ಜಿಂಕೆ. ಈ ಕೊಳ್ಳಗಳಿಗೆ ಅದು ಬೇಡ. ಬೇಕಾದದ್ದು ಬಟ್ಟೆ ಬದಲಿಸಲು ಹೆಂಗಸರಿಗೊಂದು ಮರೆ, ಕಕ್ಕಸು, ಕಸ ಒಯ್ಯುವ ಒಂದು ಗಾಡಿ, ದನಗಾಹಿಗಳ ಕಾಲುದಾರಿಗೆ ಅಲ್ಲಲ್ಲಿ ಒಂದು ಬಾಣದ ಗುರುತು. ಕಲ್ಲಿನ ವಯಸ್ಸು ಹೇಳುವ ಒಂದು ಫಲಕ, ಕನ್ನಡದಲ್ಲಿ. ಗ್ರಾಮ ಪಂಚಾಯ್ತಿಯೇ ಮಾಡಬಹುದಾದ ಖರ್ಚು ಇದು.

ಮೊದಲ ಸಲ ಹೋಗುವವರು ಹೀಗೆ ಮಾಡಿ. ಬೈಲಹೊಂಗಲ, ಸವದತ್ತಿ ಕಡೆಯ ಪರಿಚಯದವರಿಗೆ ಒಂದು ಫೋನ್ ಹಾಕಿ, ರಾತ್ರಿ ಮಳೆಯಾಗಿದೆಯೇ ಕೇಳಿ. ಆಗಿದ್ದರೆ ಬೆಳಗಿನ ಬಸ್ಸಿಗೆ ಹೊರಟು ಮೊದಲು ಸೊಗಲ, ಇಳಿಹೊತ್ತಿಗೆ ನವಿಲುತೀರ್ಥ, ಸಂಜೆ ಸವದತ್ತಿ. ಧಾರವಾಡದಿಂದ ಸವದತ್ತಿ ಸುಮಾರು 40 ಕಿ.ಮೀ., ರಾತ್ರಿಯೇ ಮನೆ ಸೇರಬಹುದು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಕೊಳ್ಳಗಳಲ್ಲಿ ಹೋಟೆಲಿಲ್ಲ. ರಾಮದುರ್ಗ, ಶಬರಿಕೊಳ್ಳಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ನೀರು ಕಡಿಮೆ ಇದ್ದರೆ ಬೇಸರ ಮಾಡಿಕೊಂಡು ಅಲ್ಲಿಂದಲೇ ತಿರುಗಬೇಡಿ, ಅಂಚಿನ ಮೇಲಿನ ಗುಡ್ಡ ಹತ್ತಿ. ಮಕ್ಕಳಿದ್ದರೆ ಆ ಅಲೆಗೆರೆಯ ಕಲ್ಲನ್ನು ಮುಟ್ಟಿಸಿ ತೋರಿಸಿ. ತಂದ ಪ್ಲಾಸ್ಟಿಕ್ ಚೀಲವನ್ನು ವಾಪಸ್ ಒಯ್ಯಿರಿ. ಆ ನೀರು ಮುಂದೆ ಯಾರದೋ ಮನೆಯ ಕೊಡಕ್ಕೆ ಹೋಗುತ್ತದೆ.